ಷರಾ

ನಮೂನೆಯಲ್ಲಿ ಹದಿನಾಲ್ಕು ಕಾಲಂ.
ಒಂಬತ್ತನೆಯದು: ದುರಸ್ತಿಯಾದ ಮೇಲೆ
ವಾರಕ್ಕೆ ಎಷ್ಟು ಮಂದಿ ವಿಹಾರಕ್ಕೆ ಬಂದಾರು?
ಹತ್ತನೆಯದು: ಬಂದವರು ತಲೆಗೆ ಎಷ್ಟು ಖರ್ಚು ಮಾಡಿಯಾರು?

ಕಡ್ಲಿಹಳ್ಳದ ಏರಿಯ ಮೇಲೆ ನಿಂತಿದ್ದೇನೆ.
ಎದುರಿಗೆ ಕಪ್ಪತಗುಡ್ಡ, ಅದರ ನೆತ್ತಿಯ ಗಾಳಿಯಂತ್ರಗಳು
ಯಾರಿಗೂ ಅವಸರವಿಲ್ಲ ಎಂಬಂತೆ ತಿರುಗುತ್ತಿವೆ.
ಏರಿ ಒಡೆದಲ್ಲಿ ಇಪ್ಪತ್ತೆರಡು ಮೀಟರ್ ಆಕಾಶ.
ಟೇಪಿನ ಆಚೆ ತುದಿಯಿಂದ ಹಜರೇಸಾಬ ಕೂಗುತ್ತಾನೆ:
“ಇಪ್ಪತ್ತೆರಡೂವರಿ ಬರ್ಕೋರಿ ಅಕ್ಕಾರ,
ಈಗಷ್ಟ ಒಂದ್ ಹೆಂಟಿ ಬಿತ್ತು.”

ಎರೆಮಣ್ಣಿನ ಏರಿ.
ಬೇಸಿಗೆಯಲ್ಲಿ ಬಿರಿದು ಮಳೆಗೆ ಬೀಗುವ ಮಣ್ಣು.
ಕಟ್ಟಿದವರಿಗೆ ಅದು ಗೊತ್ತಿತ್ತು, ಗರಸು ಹೊದಿಸಿದ್ದರು.
ಆಮೇಲೆ ಬಂದವರು ಕಾರಂಜಿಗೆ ಕರೆಂಟು ಬೇಕೆಂದು
ಆ ಗರಸನ್ನು ಉದ್ದಕ್ಕೆ ಸೀಳಿ ಪೈಪು ಹೂತರು.
ನೀರು ಆ ಗೆರೆಯನ್ನೇ ಓದಿಕೊಂಡಿತು.
ಒಂದು ರಾತ್ರಿ ಸಾಕಾಯಿತು.

ತೂಬಿನ ಕಂಬ ವಾಲಿದೆ. ಕೋಡಿ ಗಟ್ಟಿ.
ಹಳೇ ಗಚ್ಚು; ಕೀಲಿಕೈಯಿಂದ ಕೆರೆದೆ, ಉಗುರಿನಷ್ಟೂ ಏಳಲಿಲ್ಲ.
ದೋಣಿ ತೇಲಬೇಕಾದರೆ ಮೂರು ಕೋಟಿ ನಲವತ್ತು ಲಕ್ಷ.
ದೋಣಿ ಬೇಡವೆಂದರೆ ತೊಂಬತ್ತರೊಳಗೆ ಮುಗಿದೀತು.

ದೋಣಿ ಬಂದಾಗಿದೆ.
ಪಂಚಾಯ್ತಿಯ ಹಿಂದೆ, ತಗಡಿನ ನೆರಳಿನಲ್ಲಿ, ಎರಡು ಹಂಸ.
ಒಂದರ ಕೊಕ್ಕು ಮುರಿದಿದೆ. ಇನ್ನೊಂದರ ಹೊಟ್ಟೆಯಲ್ಲಿ
ಯಾರದೋ ಕೋಳಿ ಕಾವು ಕೂತಿದೆ.
“ಒಟ್ನ್ಯಾಗ ಖಾಲಿ ಇಲ್ಲರಿ,” ಎಂದು ಕಾರ್ಯದರ್ಶಿ ನಕ್ಕರು.

ಕೆರೆಯಂಗಳದಲ್ಲಿ ಕ್ರಿಕೆಟ್ಟು.
ಮೇಲ್ದಂಡೆಯ ಗೇಜಿನ ಕಂಬವೇ ವಿಕೆಟ್ಟು,
ಐದು ಮೀಟರಿನ ಗೆರೆಗಿಂತ ಮೇಲೆ ಬಡಿದರೆ ನೋಬಾಲು.
ಎಣಿಸಿದೆ, ಇಪ್ಪತ್ತಾರು ಹುಡುಗರು, ಒಂದು ನಾಯಿ.
ನೀರು ತುಂಬಿದರೆ ಇವರೆಲ್ಲಿ?
ಒಂಬತ್ತನೇ ಕಾಲಮಿನಲ್ಲಿ
ಇವರನ್ನು ಕೂಡಿಸಲೋ, ಕಳೆಯಲೋ?

ಉಳಿದ ಮಡುವಿನಲ್ಲಿ ಅಂಬಿಗೇರ ನಾಗವ್ವ
ಒಬ್ಬಳೇ ಕೌದಿ ತುಳಿಯುತ್ತಿದ್ದಳು.
“ನೀರು ತರಾಕ ಬಂದೀರೊ, ಟಿಕೆಟ್ ಇಡಾಕೊ?”
ಎರಡೂ ನನ್ನ ಕೈಯಲ್ಲಿಲ್ಲ ಅಂದೆ.
ಹಂಗಾರ ಇದನ್ನರ ಹಿಡೀರಿ ಎಂದು
ಕೌದಿಯ ಒಂದು ತುದಿ ಕೈಗಿತ್ತಳು.

“ನವರಾತ್ರಿಗೆ ಮೊದಲ ಇಡೀ ಓಣಿ ಇಲ್ಲೇ ಇರತಿತ್ರಿ.
ಕೌದಿ, ಜಮಖಾನಿ, ರೊಟ್ಟಿ ಬುತ್ತಿ.
ಕೌದಿ ಒಣಗೂತನಾ ಮನಿಗೆ ಹೋಗೂಹಂಗಿಲ್ಲ ನೋಡ್ರಿ,
ಅತ್ತಿ ಕಣ್ಣಿಲ್ಲ, ಒಲಿ ಹೊಗಿ ಇಲ್ಲ.
ನಕ್ಕು ನಕ್ಕು ನೀರಾಗ ಬೀಳತಿದ್ವಿ.
ಬ್ಯಾರೆ ಅರಬಿ ಈಗ ಮಿಷಿನ್ಯಾಗ ಹಾಕ್ತಾರ.
ಕೌದಿ ಹಿಡಸಂಗಿಲ್ಲ ಅದರಾಗ.”

ತಿರುವಿದೆವು, ಅವಳು ಎಡಕ್ಕೆ, ನಾನು ಬಲಕ್ಕೆ.
ಯಾರೋ ಉಟ್ಟು ಹರಿದ ಇಳಕಲ್ಲಿನ ಅಂಚು
ನಮ್ಮಿಬ್ಬರ ನಡುವೆ ಹಗ್ಗವಾಯಿತು.
ನೀರು ನನ್ನ ಬೂಟಿನೊಳಗೆ ಇಳಿಯಿತು.

ಇದಕ್ಕೊಂದು ಕಾಲಂ ಹುಡುಕಿದೆ.
ವಿಹಾರವೆಂದರೆ ಬಿಡುವಿದ್ದವರ ಕೆಲಸ
ಎಂದು ನಮೂನೆ ತಿಳಿದುಕೊಂಡಿದೆ.
ಬಿಡುವನ್ನು ಕೌದಿಯ ಗಂಟಿನಲ್ಲಿ ಬಚ್ಚಿಟ್ಟು
ಕೆಲಸವೆಂದು ಹೇಳಿ ಮನೆ ದಾಟಿದವರನ್ನು
ಅದು ಎಣಿಸುವುದಿಲ್ಲ.

ಜೀಪಿನ ಬಾನೆಟ್ಟಿನ ಮೇಲೆ ಬರೆದೆ:
ಹಂಸಕ್ಕೆ ಬೇಕಾದಷ್ಟು ನೀರು, ಶಿಫಾರಸಿಲ್ಲ.
ಕೆಳಗೆ ನಲವತ್ತು ಮನೆಗಳಿವೆ, ಈ ಮಣ್ಣಿಗೆ ಆ ಭಾರ ಒಗ್ಗದು.
ಕೋಡಿ ತಗ್ಗಿಸಿ ಎರಡು ಮೀಟರ್: ಆಗಬಹುದು.
ಮೇಲ್ದಂಡೆಯ ಗೇಜಿನ ಕಂಬ ಕೀಳಕೂಡದು.
ಕೋಳಿಯ ಬಗ್ಗೆ ಏನೂ ಬರೆಯಲಿಲ್ಲ.

ಕಡೆಯ ಕಾಲಂ, ಷರಾ. ಅಂಗುಲದಷ್ಟು ಜಾಗ.
“ತೂಬಿನ ಪಕ್ಕ ಒಗೆಯುವ ಕಲ್ಲು, ಹನ್ನೆರಡು, ಅಗಲವಾದವು.
ಒಣಹಾಕಲು ಬಂಡೆ ಇದ್ದೇ ಇದೆ; ಖರ್ಚಿಲ್ಲ.”

ಮೇಲಿನವರು ಕೇಳಿಯೇ ಕೇಳುತ್ತಾರೆ, ಹನ್ನೆರಡೇ ಏಕೆ?
ನಾಗವ್ವ ಬೆರಳು ಮಡಚುತ್ತಾ
ಓಣಿಯ ಒಬ್ಬೊಬ್ಬರ ಹೆಸರು ಹೇಳಿದಳು,
ಹನ್ನೆರಡಕ್ಕೆ ನಿಂತಳು.
ಅದರಲ್ಲಿ ಮೂವರು ಈಗಿಲ್ಲವಂತೆ.
ಕಳೆಯಲಿಲ್ಲ.